ಹುಳು ಜ್ವರಕ್ಕೆ ಕೂತ ಶನಿವಾರ

ಶನಿವಾರ ಮಧ್ಯಾಹ್ನ ನಾನು ಕೈಗಡಿಯಾರ ಕಟ್ಟುವುದಿಲ್ಲ. ಊಟ ಮುಗಿದ ಮೇಲೆ ಬಿಚ್ಚಿ ಕನ್ನಡಿಯ ಮುಂದಿಟ್ಟರೆ ಮತ್ತೆ ಅದು ಕೈಗೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮನೆಗೆ ಹೂವು ಕೊಡುವಾಕೆ ಮೊನ್ನೆ ನನ್ನ ಬರಿಗೈ ನೋಡಿ, "ಗಡಿಯಾರ ಕೆಟ್ಟೋಯ್ತಾ ಅಮ್ಮಾವ್ರೇ?" ಎಂದಳು. ಪಾಪ, ಅವಳ ಅನುಮಾನದಲ್ಲಿ ತಪ್ಪಿಲ್ಲ. ಉಳಿದ ಆರು ದಿನ ಅವಳು ಐದು ನಿಮಿಷ ತಡಮಾಡಿದರೂ ಬಾಗಿಲಲ್ಲಿ ನಿಂತು ಗಂಟೆ ಎಷ್ಟಾಯಿತೆಂದು ಹೇಳುವವಳು ನಾನೇ. "ಕೆಟ್ಟಿಲ್ಲ, ರಜ ಕೊಟ್ಟಿದ್ದೀನಿ" ಎಂದೆ. ಮುದುಕಿಗೆ ಎಪ್ಪತ್ತೆಂಟರ ಮೇಲೆ ಏನೋ ಆಗುತ್ತಿದೆ ಎಂಬ ಮುಖ ಮಾಡಿಕೊಂಡು ಅವಳು ಒಂದು ಮೊಳ ಹೆಚ್ಚಾಗಿಯೇ ಅಳೆದುಕೊಟ್ಟು ಹೋದಳು.

ಆ ರಜ ಕೊಡುವುದನ್ನು ನನಗೆ ಕಲಿಸಿದವಳು ಲೇಯಾ. ಅವಳ ವಿಷಯ ಹೇಳಬೇಕಾದರೆ ಮೊದಲು ನನ್ನ ವಿಷಯ ಒಂದಿಷ್ಟು ಹೇಳಬೇಕು, ಅದೂ ಹೊಗಳಿಕೆಯಲ್ಲ.

ನಾನು ಬೆಳೆದದ್ದು ಮೈಸೂರಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ. ನಾಲ್ಕೂವರೆಗೆ ಗಂಟೆ, ಐದಕ್ಕೆ ಸ್ನಾನದ ಸಾಲು, ಒಬ್ಬೊಬ್ಬಳಿಗೆ ಏಳು ನಿಮಿಷ. ತಲೆ ಬಾಚಲು ಬೇರೆ ಸಮಯವಿಲ್ಲ, ಪ್ರಾರ್ಥನೆಗೆ ನಡೆದು ಹೋಗುವಾಗಲೇ ಜಡೆ ಮುಗಿಯಬೇಕು. ವಾರ್ಡನ್ ಅಮ್ಮನವರ ಮುಖ್ಯ ನಿಯಮ ಒಂದೇ: ಕೇಳಿದರೆ ಉತ್ತರ ಹೇಳು, ಕೇಳದಿದ್ದರೆ ಬಾಯಿ ಮುಚ್ಚು. ಹನ್ನೊಂದು ವರ್ಷ ಅಲ್ಲಿದ್ದೆ. ಹೊರಗೆ ಬಂದಾಗ ಯಾವ ಪ್ರಶ್ನೆಗೂ ಉತ್ತರ ಹೇಳಬಲ್ಲವಳಾಗಿದ್ದೆ. ಆದರೆ ಬಸ್ ನಿಲ್ದಾಣದಲ್ಲಿ ನಮ್ಮೂರ ಬಸ್ಸು ಯಾವುದೆಂದು ಕೇಳಲು ನಾಚಿಕೆಯಾಗಿ ಎರಡು ಬಸ್ಸು ಬಿಟ್ಟಿದ್ದೆ.

ಇಂಥವಳಿಗೆ ಸಿಕ್ಕಿದ ಕೆಲಸ ರೇಷ್ಮೆ ಹುಳು ಸಾಕುವುದನ್ನು ಕಲಿಸುವುದು. ಹುಳುವಿಗೂ ನನಗೂ ಜಾತಕ ಕೂಡಿಬಂದಂತಾಯಿತು. ಬೆಳಿಗ್ಗೆ ಆರಕ್ಕೆ ಒಂದು ಸಲ ಸೊಪ್ಪು, ಹನ್ನೊಂದಕ್ಕೆ, ನಾಲ್ಕಕ್ಕೆ, ಮತ್ತೆ ರಾತ್ರಿ ಒಂಬತ್ತಕ್ಕೆ. ಕೈಕಾಲು ತೊಳೆಯದೆ ಒಳಗೆ ಕಾಲಿಡುವಂತಿಲ್ಲ. ರಾಮನಗರದ ಹೊರಗಿದ್ದ ನಮ್ಮ ತರಬೇತಿ ಕೇಂದ್ರದ ಗೋಡೆಗೆ ನಾನೇ ಹದಿನೆಂಟು ನಿಯಮ ಬರೆಸಿದ್ದೆ. ತರಬೇತಿಗೆ ಬರುವ ರೈತ ಹೆಂಗಸರು ಅದನ್ನು ಸಾಲಾಗಿ ನಿಂತು ಗಟ್ಟಿಯಾಗಿ ಒಪ್ಪಿಸಬೇಕಿತ್ತು. ಓದು ಬಾರದವರಿಗೂ ವಿನಾಯಿತಿ ಇರಲಿಲ್ಲ.

ಆಗ ನಮ್ಮ ಕಡೆ ರೇಷ್ಮೆಯ ಕಾಲ. ಇತ್ತ ಚನ್ನಪಟ್ಟಣ, ಅತ್ತ ಕನಕಪುರ, ಮೇಲೆ ಮಾಗಡಿಯವರೆಗೂ ರಾಗಿ ಹೊಲ ಕಿತ್ತು ಹಿಪ್ಪುನೇರಳೆ ನೆಟ್ಟವರೇ. ನಡುಮನೆಯನ್ನು ಹುಳುವಿನ ತಟ್ಟೆಗಳಿಗೆ ಬಿಟ್ಟುಕೊಟ್ಟು ಯಜಮಾನ ಜಗಲಿಯಲ್ಲಿ ಮಲಗುತ್ತಿದ್ದ. ಒಗ್ಗರಣೆಗೆ ಮೆಣಸಿನಕಾಯಿ ಹಾಕುವಂತಿಲ್ಲ, ಘಾಟಿಗೆ ಹುಳು ಮುನಿಯುತ್ತದೆ. ಬೀಗರು ಬಂದರೆ ಅಂಗಳದಲ್ಲೇ ಉಪಚಾರ. ಕನಕಪುರದ ಬಸ್ಸಿನಲ್ಲಿ ಗೂಡಿನ ಮೂಟೆಗಳು ಸೀಟಿನ ಮೇಲೆ ಕೂತಿರುತ್ತಿದ್ದವು, ನಾವು ನಿಂತಿರುತ್ತಿದ್ದೆವು. ಕಂಡಕ್ಟರು ಮಾರುಕಟ್ಟೆ ಬಂದಾಗ, "ಗೂಡ್ನೋರೆಲ್ಲ ಇಳ್ಕಳ್ರಪ್ಪ, ಮನುಸ್ರು ಕೂತ್ಕಳ್ಳಿ" ಎಂದು ಕೂಗುತ್ತಿದ್ದ.

ಲೇಯಾ ನಮ್ಮ ಕೇಂದ್ರಕ್ಕೆ ಬಂದದ್ದು ಚಿಟ್ಟೆ ಪರೀಕ್ಷೆಗೆ. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕಣ ಕಂಡರೆ ಆ ಮೊಟ್ಟೆಯನ್ನೆಲ್ಲ ಸುಡಿಸುವ ಕೆಲಸ. ಕಣ್ಣು ಒಂದು ಸಲ ತಪ್ಪಿದರೆ ಊರೂರಿನ ಬೆಳೆ ನಾಶ. ಅವಳು ಆ ಕುರ್ಚಿಯಲ್ಲಿ ಕೂತರೆ ಬೆನ್ನು ಬಾಗದು, ಮಾತು ಹೊರಡದು. ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಹನ್ನೊಂದು ವರ್ಷದ ಮಗಳು ಮಿರಿಯಂ ಜೊತೆಗಿದ್ದಳು. ತಂದೆ ರೈಲ್ವೆಯಲ್ಲಿ ಗಾರ್ಡ್ ಆಗಿದ್ದದ್ದರಿಂದ ಲೇಯಾ ಬೆಳೆದದ್ದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಮಾತಿಗೊಂದು 'ರೀ' ಸೇರಿಸುವ ಅವಳ ಕನ್ನಡ ಕೇಳಿ ನಮ್ಮ ಹೆಂಗಸರು ಅವಳನ್ನು ಬ್ರಾಹ್ಮಣರವಳೆಂದು ಒಂದು ವಾರ, ಲಿಂಗಾಯತರವಳೆಂದು ಇನ್ನೊಂದು ವಾರ ತಿಳಿದಿದ್ದರು. ಅವಳು ಯಹೂದಿ. ಕೊಂಕಣ ತೀರದಲ್ಲಿ ನೂರಾರು ವರ್ಷದಿಂದ ಇರುವ, ಬೆನೆ ಇಸ್ರೇಲ್ ಎಂದು ಕರೆದುಕೊಳ್ಳುವ ಮನೆತನಗಳಲ್ಲಿ ಒಂದು ಅವಳದು. ಹಾಗೆಂದರೆ ಏನೆಂದು ನಮ್ಮ ಕೇಂದ್ರದಲ್ಲಿ ಯಾರಿಗೂ ತಿಳಿಯದು. ಶಾಲೆಯಲ್ಲಿ ಮಿರಿಯಂಳನ್ನು ಸೇರಿಸುವಾಗ ಹೆಡ್‌ಮಾಸ್ತರು ಜಾತಿಯ ಕಾಲಮಿನ ಮುಂದೆ ಪೆನ್ನು ಹಿಡಿದು ಬಹಳ ಹೊತ್ತು ಕೂತು, ಕೊನೆಗೆ 'ಇತರೆ' ಎಂದು ಬರೆದು ಬೆವರೊರೆಸಿಕೊಂಡರಂತೆ.

ಬಂದ ಎರಡನೆಯ ದಿನವೇ ಲೇಯಾ ನನ್ನ ಮೇಜಿನ ಮುಂದೆ ನಿಂತಳು.

"ಮೇಡಂ, ಶನಿವಾರ ನಾ ಕೆಲಸ ಮಾಡೂದಿಲ್ರೀ. ಅದರ ಬದಲಿ ಐತವಾರ ಬರ್ತೀನಿ. ಇಡೀ ದಿವಸ ಬರ್ತೀನಿ."

"ಹುಳುವಿಗೆ ಶನಿವಾರ ಭಾನುವಾರ ಗೊತ್ತಾಗುತ್ತೇನಮ್ಮ?" ಎಂದೆ. ಬಹಳ ಚೆನ್ನಾಗಿ ಹೇಳಿದೆ ಎಂದೂ ಅಂದುಕೊಂಡೆ.

ಉತ್ತರ ಬಂದದ್ದು ಬಾಗಿಲ ಬಳಿ ಸೊಪ್ಪು ಹೆಚ್ಚುತ್ತಿದ್ದ ಚಿಕ್ಕತಾಯಮ್ಮನಿಂದ. ಕೇಂದ್ರದ ಪಕ್ಕದ ಹಳ್ಳಿಯವಳು. ನಾಲ್ಕು ಎಕರೆ ಹಿಪ್ಪುನೇರಳೆ, ಹತ್ತು ಮೇಕೆ, ಇಲಾಖೆಯ ಯಾರಿಗೂ ಹೆದರದ ನಾಲಿಗೆ. "ಹುಳೀಗೆ ಗೊತ್ತಿಲ್ದಿದ್ರೆ ಮನುಸ್ರಿಗೆ ಗೊತ್ತಿರಬೇಕಲ್ವಾ ಮೇಡಮ್ನೋರೆ? ನಮ್ಮಪ್ಪ ಸ್ವಾಮಾರ ಎತ್ತಿನ ಹೆಗಲಿಗೆ ನೊಗ ಮಡಗ್ತಿರಲಿಲ್ಲ. ಮಳೆ ಬಂದು ಹದ ಹೋದ್ರೂ ಇಲ್ಲ. ಈ ಹುಳ ಬಂತು, ನಮ್ ಸ್ವಾಮಾರನೂ ತಿಂದಾಕ್ತು. ಆವಮ್ಮುಂದಾದ್ರೂ ಉಳೀಲಿ ಬುಡಿ."

ಸೋಮವಾರ ಎತ್ತು ಹೂಡಬಾರದೆಂಬುದು ನಮ್ಮ ಕಡೆಯ ಹಳೆಯ ಕಟ್ಟಳೆ, ನನಗೂ ಗೊತ್ತಿದ್ದದ್ದೇ. ಅದು ಯಾವಾಗ ಹೋಯಿತೆಂದು ಮಾತ್ರ ಗಮನಿಸಿರಲಿಲ್ಲ. ರಜೆಯ ಅರ್ಜಿಗೆ ಸಹಿ ಹಾಕಿದೆ. ಮನಸ್ಸಿಲ್ಲದೆ ಹಾಕಿದೆ ಎನ್ನುವುದನ್ನು ಸಹಿಯ ಆಕಾರದಲ್ಲಿ ತೋರಿಸಿದೆ.

ಆಮೇಲೆ ಶುರುವಾಯಿತು ನೋಡಿ. ಶನಿವಾರ ಮಧ್ಯಾಹ್ನ ಹನ್ನೊಂದರ ಸೊಪ್ಪಿಗೂ ನಾಲ್ಕರ ಸೊಪ್ಪಿಗೂ ನಡುವೆ ತರಬೇತಿಯ ಹೆಂಗಸರಿಗೆ ಬಿಡುವು. ಲೇಯಾಳ ಕ್ವಾರ್ಟರ್ಸಿನ ಜಗಲಿ ಕೇಂದ್ರದ ಎದುರಿಗೇ ಇತ್ತು. ಒಲೆ ಹಚ್ಚದೆ, ಬಟ್ಟೆ ಒಗೆಯದೆ, ಶುಕ್ರವಾರವೇ ಮಾಡಿಟ್ಟ ಅಡುಗೆ ಉಂಡು ತಾಯಿ ಮಗಳು ಎದುರುಬದುರು ಕೂತು ಏನೋ ಓದಿ, ಏನೋ ಜಗಳವಾಡುತ್ತಿದ್ದರು. ನಮ್ಮ ಹೆಂಗಸರು ಮೊದಲು ಬೇಲಿಯ ಈಚೆ ನಿಂತರು, ಆಮೇಲೆ ಆಚೆ, ಮೂರನೆಯ ವಾರ ಜಗಲಿಯ ಮೇಲೆ. ನಾನು ಶಿಸ್ತು ಕಾಪಾಡಲೆಂದು ಹೋದೆ. ಲೇಯಾ ಮಣೆ ಹಾಕಿ, "ಕೈಯಾಗಿನ ಗಡಿಯಾರ ಬಾಗಿಲ ಹತ್ರ ಇಡ್ರಿ ಮೇಡಂ. ಇವತ್ತು ನಾವು ಹೊತ್ತು ನೋಡೂದಿಲ್ಲ" ಎಂದಳು. ಇಟ್ಟೆ. ನಾಲ್ಕು ಗಂಟೆಯ ಸೊಪ್ಪಿಗೆ ಅವತ್ತು ಹತ್ತು ನಿಮಿಷ ತಡವಾಯಿತು. ಹುಳುಗಳು ಬೆಳೆದವು, ಆಕಾಶ ಬೀಳಲಿಲ್ಲ.

ಆ ಜಗಲಿಯಲ್ಲಿ ಲೇಯಾ ತನ್ನವರ ಕಥೆ ಹೇಳುತ್ತಿದ್ದಳು, ಆದರೆ ಪುಕ್ಕಟೆಯಾಗಿ ಅಲ್ಲ. ಅವಳದೊಂದು ಮಾತಿಗೆ ನಮ್ಮವರದೊಂದು ಮಾತು ಕೊಡಬೇಕು. ಹಿಂದೆ ಯಾವುದೋ ಕಾಲದಲ್ಲಿ ಒಂದು ಹಡಗು ಕೊಂಕಣದ ಬಂಡೆಗೆ ಬಡಿದು ಒಡೆಯಿತಂತೆ. ಏಳು ಗಂಡು ಏಳು ಹೆಣ್ಣು ಈಜಿ ದಡ ಸೇರಿದರಂತೆ. ಪುಸ್ತಕಗಳೆಲ್ಲ ನೀರುಪಾಲು. ಭಾಷೆಯೂ ಮರೆತುಹೋಯಿತು. ಉಳಿದದ್ದು ಒಂದು ಚಿಕ್ಕ ಪ್ರಾರ್ಥನೆ, ಗಂಡುಮಕ್ಕಳಿಗೆ ಮಾಡುವ ಸುನ್ನತಿ, ಊಟದ ನಿಯಮ, ಮತ್ತೆ ಶನಿವಾರ. ಹೊಟ್ಟೆಪಾಡಿಗೆ ಎಣ್ಣೆ ಗಾಣ ಹಾಕಿದರು. ಶನಿವಾರ ಗಾಣ ತಿರುಗಿಸದ ಇವರನ್ನು ಸುತ್ತಲಿನ ಜನ ಶನಿವಾರದ ಗಾಣಿಗರು ಎಂದೇ ಕರೆದರಂತೆ. ಹಬ್ಬಗಳ ಹೆಸರು ಮರೆತವರು ಕಂಡದ್ದನ್ನೇ ಹೆಸರಾಗಿಟ್ಟುಕೊಂಡರು: ಮನೆಮಂದಿಯೆಲ್ಲ ಉಪವಾಸವಿದ್ದು ಹೊರಗೆ ಬಾರದ ದಿನ ಬಾಗಿಲು ಮುಚ್ಚುವ ಹಬ್ಬ.

"ಆಮೇಲೆ ಹೊರಗಿನಿಂದ ಒಬ್ಬ ಯಹೂದಿ ಗುರು ಬಂದ್ರಂತ," ಎಂದು ಲೇಯಾ ಮುಂದುವರಿಸುತ್ತಿದ್ದಳು. "ಇವರು ಖರೇನ ನಮ್ಮ ಮಂದಿ ಹೌದೋ ಅಲ್ಲೋ ನೋಡೂದು ಹ್ಯಾಂಗ? ಒಂದು ಬುಟ್ಟಿ ಮೀನು ಕೊಟ್ಟು ಅಡಗಿ ಮಾಡ್ರೆವ್ವಾ ಅಂದ್ರಂತ. ನಮ್ಮ ಹೆಂಗಸ್ರು ಹುರುಪೆ ಇದ್ದ ಮೀನು ಬ್ಯಾರೆ, ಹುರುಪೆ ಇಲ್ಲದ್ದು ಬ್ಯಾರೆ ಮಾಡಿ, ಇಲ್ಲದ್ದನ್ನ ಚೆಲ್ಲಿಬಿಟ್ರು. ಹುರುಪೆ ಇಲ್ಲದ್ದು ತಿನ್ನಬಾರದು ಅನ್ನೂದು ನಮ್ಮ ಹಳೇ ನೇಮ. ಯಾಕಂತ ಅವರಿಗೇ ಗೊತ್ತಿರ್ಲಿಲ್ಲ. ಕೈಗೆ ಗೊತ್ತಿತ್ತು."

ಚಿಕ್ಕತಾಯಮ್ಮ ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದಳು. ಮರಿಯ ಮಾಂಸವನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದು, ಹಾಗಾಗಿ ತಮ್ಮಲ್ಲಿ ಮಾಂಸದ ಜೊತೆ ಹಾಲು ಮೊಸರು ಸೇರಿಸುವುದಿಲ್ಲ, ತೆಂಗಿನ ಹಾಲು ಹಾಕುತ್ತೇವೆ ಎಂದಾಗ ಉಳಿದವರು ಕಣ್ಣು ಪಿಳುಕಿಸಿದರು. ಮೇಕೆ ಸಾಕುವ ಅವಳು ಮಾತ್ರ ತಟ್ಟನೆ, "ಥೂ, ಹೆತ್ತವ್ವನ ಹಾಲಲ್ಲೇ ಬೇಯ್ಸದಾ? ಆ ಮೇಕೆ ಮುಖ ನೋಡಾದೆಂಗೆ?" ಎಂದಳು. ಅವಳಿಗೆ ಯಾವ ಪಂಡಿತರ ವ್ಯಾಖ್ಯಾನವೂ ಬೇಕಾಗಲಿಲ್ಲ. ಇನ್ನೊಂದು ಸಂಜೆ, ಶನಿವಾರ ಮುಗಿಯಿತೆಂದು ಸುವಾಸನೆ ಮೂಸಿ ಬೀಳ್ಕೊಡುವ ಅವರ ಪದ್ಧತಿಗೆ ಲೇಯಾ ಬಣ್ಣದ ಪುಟ್ಟ ಮರದ ಭರಣಿಯೊಂದನ್ನು ಕೈಯಿಂದ ಕೈಗೆ ದಾಟಿಸಿದಳು. ಒಳಗೆ ಲವಂಗ, ಏಲಕ್ಕಿ. ಅದು ಚನ್ನಪಟ್ಟಣದಲ್ಲಿ ಕೊಂಡ ಕುಂಕುಮದ ಭರಣಿ. ಚಿಕ್ಕತಾಯಮ್ಮ ಅಭ್ಯಾಸಬಲದಿಂದ ಬೆರಳದ್ದಿ ಹಣೆಗೆ ಒತ್ತಿಕೊಂಡಳು. ಹಣೆಯ ಮೇಲೊಂದು ಲವಂಗದ ಮೊಗ್ಗು ಅಂಟಿ ನಿಂತಿತು. ಲೇಯಾ ಬಿದ್ದುಬಿದ್ದು ನಕ್ಕಳು. ಅಪ್ಪ ಹೋದ ಮೇಲೆ ಅಮ್ಮ ಹಾಗೆ ನಕ್ಕದ್ದು ಅವತ್ತೇ ಎಂದು ಮಿರಿಯಂ ನನಗೆ ಆಮೇಲೆ ಹೇಳಿದಳು.

ಇಷ್ಟರಲ್ಲಿ ಬೊಂಬಾಯಿಯಿಂದ ಒಂದು ಕಾಗದ ಬಂತು. ಬರೆದವರು ಲೇಯಾಳ ಅತ್ತೆ, ಮಿರಿಯಂಳ ಅಜ್ಜಿ. ಅವರೂ ಬಹಳ ವರ್ಷ ಹುಬ್ಬಳ್ಳಿಯಲ್ಲಿದ್ದವರು, ಈಗ ಹಿರಿಯ ಮಗನ ಮನೆಯಲ್ಲಿದ್ದರು. ಕಾಗದದಲ್ಲಿ ಕೋಪವಿರಲಿಲ್ಲ. ಇಲ್ಲಿ ಪ್ರಾರ್ಥನೆಯ ಮಂದಿರವಿದೆ, ವಾರಕ್ಕೆರಡು ದಿನ ಮಕ್ಕಳ ತರಗತಿಯಿದೆ, ನಮ್ಮವರಲ್ಲೇ ಮಗುವಿನ ಓರಗೆಯ ಹುಡುಗಿಯರಿದ್ದಾರೆ. ಅಲ್ಲಿ ಆ ಕಲ್ಲುಬೆಟ್ಟಗಳ ನಡುವೆ ಮಗು ಒಂಟಿಯಾಗಿ ಏನು ಕಲಿಯುತ್ತದೆ? ತಾನು ಯಾರೆಂಬುದನ್ನೇ ಮರೆಯುತ್ತದೆ. ಮೂರು ತಿಂಗಳ ನಂತರ ಬರುತ್ತೇನೆ, ಕೂತು ಮಾತಾಡಿಸಿ ನೋಡುತ್ತೇನೆ. ಮಗುವಿಗೆ ಏನೂ ಬಾರದಿದ್ದರೆ ಕರೆದುಕೊಂಡು ಹೋಗುತ್ತೇನೆ, ನೀನು ಬೇಡವೆನ್ನಬಾರದು.

ಲೇಯಾ ಕಾಗದವನ್ನು ನನಗೆ ಓದಿ ಹೇಳಿ ಮಡಿಸಿದಳು. "ಅವರ ಮಾತೂ ಖರೇ ಅದ ರೀ," ಎಂದಳು. "ನಮ್ಮಪ್ಪ ಅಂತಿದ್ರು, ಒಬ್ಬರೇ ಕುಂತು ಓದೂದು ಓದಲ್ಲ, ತೂಕಡಿಕೆ. ಎದುರಿಗೆ ಒಬ್ಬರು ಕುಂತು, ಯಾಕ, ಹ್ಯಾಂಗ ಅಂತ ಕೇಳಬೇಕು. ನಾನೂ ಇಕೀನೂ ಕುಂತ್ರ ಎರಡು ಮಾತಿಗೆ ತಾಯಿ-ಮಗಳ ಜಗಳ ಆಗ್ತದ. ಇಲ್ಲಿ ಇಕೀ ಎದುರಿಗೆ ಕೂಡೋರು ಯಾರು?"

"ನಾನು ಕೂರುತ್ತೇನೆ" ಎಂದೆ.

ಓದುಗರೇ, ನನ್ನ ಉದ್ದೇಶ ಒಳ್ಳೆಯದಿತ್ತು. ಆ ಇಬ್ಬರನ್ನೂ ಅಗಲಿಸಬಾರದೆಂದು ನನಗೆ ನಿಜವಾಗಿ ಅನಿಸಿತ್ತು. ತಾಯಿಯನ್ನು ಬಿಟ್ಟು ಹಾಸ್ಟೆಲಿನ ಮಂಚದಲ್ಲಿ ಮಲಗುವುದು ಹೇಗಿರುತ್ತದೆಂದು ಬಲ್ಲವಳು ನಾನು. ಆದರೆ ಒಳ್ಳೆಯ ಉದ್ದೇಶದ ಕೈಗೆ ವೇಳಾಪಟ್ಟಿ ಸಿಕ್ಕರೆ ಏನಾಗುತ್ತದೆ ನೋಡಿ. ಲೇಯಾ ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸಿ ಅರವತ್ತು ಪ್ರಶ್ನೆ, ಅರವತ್ತು ಉತ್ತರ ಮಾಡಿದೆ. ಹಡಗಿನಿಂದ ಬದುಕಿದವರು ಎಷ್ಟು ಜನ? ಬಾಗಿಲು ಮುಚ್ಚುವ ಹಬ್ಬದಂದು ಏನು ಮಾಡುತ್ತಾರೆ? ಯಾವ ಮೀನು ತಿನ್ನಬಹುದು? ದಿನಕ್ಕೆ ಎರಡು, ಶನಿವಾರ ಹಿಂದಿನದೆಲ್ಲ ಪುನರಾವರ್ತನೆ. ಮಿರಿಯಂ ಕೈಕಟ್ಟಿ ನಿಂತು ಒಪ್ಪಿಸುತ್ತಿದ್ದಳು. ಲೇಯಾ ಒಂದೆರಡು ಸಲ ಬಾಗಿಲಲ್ಲಿ ನಿಂತು, "ಹಂಗಲ್ರೀ ಮೇಡಂ..." ಎಂದು ಶುರುಮಾಡಿದಳು. "ನೀವು ಸುಮ್ಮನಿರಿ, ನಲವತ್ತು ತಂಡ ತಯಾರು ಮಾಡಿದವಳು ನಾನು" ಎಂದು ಅವಳ ಬಾಯಿ ಮುಚ್ಚಿಸಿದೆ. ಚಿಕ್ಕತಾಯಮ್ಮನಿಗೂ ಸಮಾಧಾನವಿರಲಿಲ್ಲ. "ಗಿಣಿ ಸಾಕ್ತಿದೀರಾ ಮೇಡಮ್ನೋರೆ?" ಎಂದು ಕೇಳಿಕೊಂಡೇ ಹಾದುಹೋಗುತ್ತಿದ್ದಳು.

ಅಜ್ಜಿ ಒಂದು ಗುರುವಾರ ಬಂದಿಳಿದರು. ಒಂಬತ್ತು ಗಜದ ಸೀರೆ, ಬಿಳಿ ಕೂದಲು, ಚಿಕ್ಕ ಮೈ, ದೊಡ್ಡ ಕನ್ನಡಕ. ಜಟಕಾದಿಂದ ಇಳಿಯುತ್ತಲೇ ರಾಮನಗರದ ಬಂಡೆಬೆಟ್ಟಗಳನ್ನು ಕತ್ತೆತ್ತಿ ನೋಡಿ, "ಇಂಥಾ ಬೆಟ್ಟದ ಮ್ಯಾಲೆ ದೇವರು ಮಾತಾಡಿದ್ರ ಕೇಳಸ್ತದ ನೋಡು" ಎಂದರು.

"ಅಲ್ಲಿ ರಣಹದ್ದು ಅವೆ ಕಣವ್ವ, ಅಷ್ಟೆಯ" ಎಂದಳು ಅವರ ಪೆಟ್ಟಿಗೆ ಇಳಿಸಿಕೊಳ್ಳುತ್ತಿದ್ದ ಚಿಕ್ಕತಾಯಮ್ಮ. ಅಜ್ಜಿ ನಕ್ಕರು. ನನಗೆ ಆ ನಗು ಹಿಡಿಸಿತು, ಹೆದರಿಕೆಯೂ ಆಯಿತು. ನಗುವ ಪರೀಕ್ಷಕರನ್ನು ನಾನು ನಂಬುವವಳಲ್ಲ.

ಶನಿವಾರ ಮಧ್ಯಾಹ್ನ ಜಗಲಿಯಲ್ಲಿ ಎಲ್ಲರೂ ಸೇರಿದೆವು. ಅಜ್ಜಿ ಮಣೆಯ ಮೇಲೆ, ಎದುರಿಗೆ ಮಿರಿಯಂ, ಕಂಬಕ್ಕೊರಗಿ ಲೇಯಾ. ಲೇಯಾಳ ಕೈಬೆರಳುಗಳು ಸೆರಗಿನ ತುದಿಯನ್ನು ಸುತ್ತಿ ಬಿಚ್ಚಿ ಸುತ್ತುತ್ತಿದ್ದವು. ಚಿಟ್ಟೆ ಪರೀಕ್ಷೆಯಲ್ಲಿ ಒಮ್ಮೆಯೂ ಅಲುಗದ ಬೆರಳುಗಳು ಅವು. ಅಜ್ಜಿ ಕೇಳಿದರು, ಮಿರಿಯಂ ಹೇಳಿದಳು. ಹಡಗು, ಏಳು ಜೋಡಿ, ಗಾಣ, ಮೀನು, ಬಾಗಿಲು. ಒಂದೂ ತಪ್ಪಿಲ್ಲ, ಒಂದೂ ತೊದಲಿಲ್ಲ. ನನ್ನೊಳಗೆ ನಲವತ್ತೊಂದನೆಯ ತಂಡ ತೇರ್ಗಡೆಯಾಗುತ್ತಿತ್ತು.

ಅಜ್ಜಿ ಕನ್ನಡಕ ತೆಗೆದು ಒರೆಸಿಕೊಂಡರು. "ಎಲ್ಲಾ ಬರೋಬರಿ ಹೇಳಿದಿ. ಇನ್ನ ನೀ ನನಗ ಒಂದು ಕೇಳು."

ಮಿರಿಯಂ ನನ್ನ ಕಡೆ ನೋಡಿದಳು.

"ಅವರ ಕಡೆ ಯಾಕ ನೋಡ್ತೀ? ನನ್ನ ಕೇಳು. ಇಷ್ಟೆಲ್ಲಾ ಕಲ್ತೀಯಲ್ಲ, ಇದರಾಗ ನಿನಗ ತಿಳೀಲಾರದ್ದು ಏನದ?"

ಹುಡುಗಿ ಕೈಕಟ್ಟಿ ನಿಂತೇ ಇದ್ದಳು. ಬಾಯಿ ತೆರೆಯಲಿಲ್ಲ. ಅಜ್ಜಿ ಕಾದರು. ಎಷ್ಟು ಹೊತ್ತೆಂದು ನನಗೆ ತಿಳಿಯದು. ಕೊನೆಗೆ ಸೊಸೆಯ ಕಡೆ ತಿರುಗಿ ಮೆಲ್ಲಗೆ ಹೇಳಿದರು. "ಲೇಯಾ, ಕೂಸಿನ ಹತ್ರ ಉತ್ತರ ಭಾಳ ಅವ. ಪ್ರಶ್ನಿ ಒಂದೂ ಇಲ್ಲ. ನಮ್ಮ ಮನ್ಯಾಗ ಹಿಂಗ ಇರೂದಿಲ್ಲವ್ವ. ನಾ ಕರಕೊಂಡು ಹೋಗ್ತೀನಿ."

ಲೇಯಾ ಸೆರಗಿನ ತುದಿ ಬಿಟ್ಟು ಕಂಬವನ್ನು ಹಿಡಿದುಕೊಂಡಳು.

ಪ್ರಶ್ನೆ ಇಲ್ಲದೆ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಆ ಜಗಲಿಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಹಿಂದಿನ ತಿಂಗಳು ಹುಳುಮನೆಯಲ್ಲಿ ನನ್ನ ಬೆನ್ನ ಹಿಂದೆ ನಿಂತು ಅವಳು ಒಂದು ಮಾತು ಕೇಳಿದ್ದಳು. ನಾನು, "ಅದು ನೋಟ್‌ಬುಕ್ಕಿನಲ್ಲಿಲ್ಲ, ಇಪ್ಪತ್ತೆರಡನೆಯದು ಒಪ್ಪಿಸು" ಎಂದಿದ್ದೆ. ಮತ್ತೆ ಕೇಳಿದಾಗ, ಅಜ್ಜಿಯ ಮುಂದೆ ಹೀಗೆಲ್ಲ ಎದುರು ಮಾತಾಡಬಾರದು, ಕೇಳಿದರೆ ಉತ್ತರ, ಇಲ್ಲದಿದ್ದರೆ ಬಾಯಿ ಮುಚ್ಚು ಎಂದು ಗದರಿದ್ದೆ. ವಾರ್ಡನ್ ಅಮ್ಮನವರು ಸತ್ತು ಎಷ್ಟೋ ಕಾಲವಾಗಿತ್ತು. ಅವರ ಕೆಲಸ ನಿಂತಿರಲಿಲ್ಲ.

ಎದ್ದು ನಿಂತೆ. ಅಷ್ಟು ಹೆಂಗಸರ ಮುಂದೆ, ನಾನೇ ನಿಯಮ ಒಪ್ಪಿಸಿಕೊಂಡಿದ್ದವರ ಮುಂದೆ, ಹೇಳುವುದು ಸುಲಭವಾಗಿರಲಿಲ್ಲ. "ತಪ್ಪು ನನ್ನದಮ್ಮ. ಕೇಳಬೇಡ ಅಂತ ಅವಳಿಗೆ ಹೇಳಿದ್ದು ನಾನು. ಮಿರಿಯಂ, ಆ ಹುಳುವಿನ ಮಾತು ಕೇಳು."

ಮಿರಿಯಂ ಕಟ್ಟಿದ್ದ ಕೈ ಬಿಟ್ಟಳು. ಮೊದಲು ಮೆಲ್ಲಗೆ ಬಂತು ಮಾತು. "ಅಜ್ಜಿ, ಶನಿವಾರ ಹುಳಕ್ಕೆ ಸೊಪ್ಪು ಹಾಕೋದು ಕೆಲಸಾನಾ?"

"ಮೂಕಪ್ರಾಣಿಗೆ ಉಣ್ಣಾಕ ಹಾಕೂದು ಕೆಲಸ ಅಲ್ಲ. ನಾವು ಉಣ್ಣೂಕಿಂತ ಮೊದಲು ಅದಕ್ಕ ಹಾಕಬೇಕು. ಸೊಪ್ಪು ಮಾತ್ರ ಶುಕ್ರವಾರನ ಕೊಯ್ದು ಇಡಬೇಕು."

"ಹಾಕಿದ್ರೂ ಅವು ಕೆಲವು ದಿನ ತಿನ್ನಲ್ಲ ಅಜ್ಜಿ. ನಾಲ್ಕೈದು ದಿನಕ್ಕೊಂದು ಸಲ ಜ್ವರಕ್ಕೆ ಕೂತ್ಕೊಂಡ್ಬುಡ್ತವೆ. ತಲೆ ಎತ್ಕೊಂಡು, ಅಲ್ಲಾಡ್ದಂಗೆ. ಒಂದು ದಿನ ಪೂರ್ತಿ. ಆಮೇಲೆ ಹಳೇ ಚರ್ಮ ಬುಟ್ಟು ಹೊಸದಾಗಿ ಏಳ್ತವೆ."

"ಹೌದು? ಹಂಗೇನು?"

"ಹೂಂ. ಕೂರದೇ ಇದ್ರೆ ಬೆಳೆಯಲ್ಲ, ಗೂಡೂ ಕಟ್ಟಲ್ಲ. ಅವಕ್ಕೆ ಯಾರೂ ಹೇಳಿಕೊಟ್ಟಿಲ್ಲ. ತಾವಾಗೇ ನಿಲ್ಲಿಸ್ತವೆ. ನಮಗ್ಯಾಕೆ ಅಜ್ಜಿ ದೇವರೇ ಬಂದು ಹೇಳಬೇಕಾಯ್ತು?"

ಅಜ್ಜಿ ಲೇಯಾಳ ಕಡೆ ನೋಡಿದರು. ತನಗೂ ತಿಳಿಯದೆಂದು ಲೇಯಾ ತಲೆಯಲ್ಲಾಡಿಸಿದಳು.

"ನಮ್ಗೆ ಹುಳೀನಷ್ಟು ಬುದ್ಧಿ ಇಲ್ವಲ್ಲ, ಅದ್ಕೆಯ" ಎಂದಳು ಚಿಕ್ಕತಾಯಮ್ಮ.

ಮೊದಲು ನಕ್ಕವರು ಅಜ್ಜಿ. ನಗುತ್ತಲೇ ವಾದಕ್ಕಿಳಿದರು. ಬುದ್ಧಿ ಇಲ್ಲವೆಂದಲ್ಲ, ಮನುಷ್ಯನಿಗೆ ನಿಲ್ಲಿಸದೇ ಇರುವ ಸ್ವಾತಂತ್ರ್ಯವಿದೆ, ಅದಕ್ಕೇ ಹೇಳಬೇಕಾಯಿತು ಎಂದರು. ಹಾಗಾದರೆ ಸ್ವಾತಂತ್ರ್ಯವಿಲ್ಲದ ಹುಳುವೇ ಮೇಲಲ್ಲವೇ ಎಂದಳು ಮಿರಿಯಂ. ನಾಲ್ಕರ ಸೊಪ್ಪಿಗೆ ಯಾರೂ ಏಳಲಿಲ್ಲ. ಏಳಬೇಕಾಗಿಯೂ ಇರಲಿಲ್ಲ, ಹುಳುಗಳು ಅವತ್ತು ಬೆಳಿಗ್ಗೆಯೇ ಮೂರನೆಯ ಜ್ವರಕ್ಕೆ ಕೂತಿದ್ದವು.

"ತೋರಸು" ಎಂದರು ಅಜ್ಜಿ. ಹುಳುಮನೆಯ ಬಾಗಿಲಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅವರು ಚೊಂಬಿನಿಂದ ಎರಡೂ ಕೈಗೆ ಸರದಿಯಲ್ಲಿ ನೀರು ಸುರಿದುಕೊಂಡು, ಕಾಲು ತೊಳೆದು, ಚಪ್ಪಲಿಯನ್ನು ಜೋಡಿಸಿಟ್ಟು ಒಳಗೆ ಬಂದರು. ನನ್ನ ಹದಿನೆಂಟು ನಿಯಮದಲ್ಲಿ ಮೊದಲ ಮೂರನ್ನು ಹೇಳಿಸಿಕೊಳ್ಳದೆ ಪಾಲಿಸಿದ ಮೊದಲ ಮನುಷ್ಯರು ಅವರು. ಸಾಮಾನ್ಯವಾಗಿ ಹುಳುಮನೆಯಲ್ಲಿ ಎಲೆ ಮೆಲ್ಲುವ ಸದ್ದು ತುಂತುರು ಮಳೆಯಂತೆ ಕೇಳುತ್ತಿರುತ್ತದೆ. ಅವತ್ತು ಅದೂ ಇರಲಿಲ್ಲ. ತಟ್ಟೆ ತಟ್ಟೆಯಲ್ಲೂ ಸಾವಿರಾರು ಪುಟ್ಟ ತಲೆಗಳು ಮೇಲೆತ್ತಿ ನಿಂತಿದ್ದವು. ಅಜ್ಜಿ ಒಂದು ತಟ್ಟೆಯ ಮುಂದೆ ಬಹಳ ಹೊತ್ತು ನಿಂತು, ಸೆರಗು ತಲೆಯ ಮೇಲೆ ಎಳೆದುಕೊಂಡು ಹೊರಬಂದರು.

ಹೊರಗೆ ಲೇಯಾ ಕಾಯುತ್ತಿದ್ದಳು. ಅಜ್ಜಿ ಅವಳ ಕೈ ಹಿಡಿದುಕೊಂಡರು. "ಈ ಪ್ರಶ್ನಿ ಬೊಂಬಾಯಿಯೊಳಗ ಹುಟ್ಟೂದಿಲ್ಲವ್ವ. ಕೂಸು ನಿನ್ನ ಹತ್ರನ ಇರಲಿ. ತಿಂಗಳಿಗೆ ಒಂದು ಕಾಗದ ಬರೀಬೇಕು. ಅದರಾಗ ಒಂದು ಪ್ರಶ್ನಿ ಇರಬೇಕು. ಬರೇ ಉತ್ತರ ಇದ್ರ ಕಾಗದ ಹೊಳ್ಳಿ ಕಳಸ್ತೀನಿ." ಲೇಯಾ ಅತ್ತೆಯ ಹೆಗಲಿಗೆ ಹಣೆಯಿಟ್ಟಳು. ಹೆಂಗಸರು ಬೇರೆ ಕಡೆ ನೋಡಿದರು. ಅಷ್ಟು ನಯ ನಮ್ಮ ಕಡೆಯವರಿಗಿದೆ.

ಬೊಂಬಾಯಿಗೆ ಹೋದ ಮೇಲೆ ಅಜ್ಜಿ ಯಾರೋ ಓದಿಕೊಂಡವರನ್ನು ವಿಚಾರಿಸಿ ಬರೆದರು. ಶನಿವಾರ ರೇಷ್ಮೆ ಹುಳುವಿಗೆ ಮೇವು ಹಾಕಬಹುದೇ ಎಂಬುದನ್ನು ಅವರ ಹಿರಿಯರು ನೂರಾರು ವರ್ಷಗಳ ಹಿಂದೆಯೇ ಕೇಳಿಕೊಂಡು, ಅದರ ಹೊಟ್ಟೆ ನಿಮ್ಮ ಕೈಯಲ್ಲಿರುವುದರಿಂದ ಹಾಕಲೇಬೇಕು ಎಂದು ತೀರ್ಮಾನಿಸಿದ್ದರಂತೆ. ಯಾವುದೋ ದೂರದೇಶದಲ್ಲಿ ಯಾರೋ ಹೆಂಗಸು ಸೊಪ್ಪಿನ ಬುಟ್ಟಿ ಹಿಡಿದುಕೊಂಡು ಹುಳುಮನೆಯ ಬಾಗಿಲಲ್ಲಿ ಅನುಮಾನಿಸುತ್ತ ನಿಂತಿದ್ದಿರಬೇಕು. ನಾವು ಮೂಢತನವೆಂದು ಬಿಟ್ಟುಬಿಡುವ ಇಂಥ ಸಣ್ಣ ಅನುಮಾನವನ್ನೂ ಬರೆದಿಟ್ಟುಕೊಂಡು, ಕಾಪಾಡಿಕೊಂಡು, ದೇಶ ದೇಶ ಹೊತ್ತು ತಿರುಗಿದ ಆ ಜನದ ಮೇಲೆ ನನಗಿರುವ ಗೌರವವನ್ನು ಹೇಗೆ ಹೇಳಲಿ. ಚಿಕ್ಕತಾಯಮ್ಮ ಮುಂದಿನ ಬೆಳೆಯಿಂದ ಸೋಮವಾರ ಸೊಪ್ಪು ಕೊಯ್ಯುವುದನ್ನು ಬಿಟ್ಟು ಭಾನುವಾರವೇ ಕೊಯ್ದಿಡಲು ಶುರುಮಾಡಿದಳು. ಕೇಳಿದರೆ, "ಅವರ್ದು ಅವರ್ಗೆ, ನಮ್ದು ನಮ್ಗೆ" ಎಂದಳು.

ಅಜ್ಜಿಯನ್ನು ರೈಲು ಹತ್ತಿಸಲು ನಾನೂ ಹೋಗಿದ್ದೆ. ಕಿಟಕಿಯಿಂದ ಅವರು, "ನೀವು ಛಲೋ ಟೀಚರ್ ಇದ್ದೀರಿ. ಆದ್ರ ಕೂಸಿನ ಎದುರಿಗೆ ನಿಂತಿದ್ರಿ. ಕೂಡ್ರಿ" ಎಂದರು. ರೈಲು ಹೊರಟಿತು.

ಮುಂದಿನ ಶನಿವಾರ ಕೂತೆ. ನೆಲದ ಮೇಲೆ, ಮಿರಿಯಂಳ ಎದುರಿಗೆ, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ. ನೋಟ್‌ಬುಕ್ ತಂದಿರಲಿಲ್ಲ. "ಇವತ್ತು ನೀವು ಕೇಳಬೇಕು ಮಿಸ್" ಎಂದಳು. ನನಗೆ ಏನೂ ಹೊಳೆಯಲಿಲ್ಲ. ನಲವತ್ತೈದು ವರ್ಷದ ಹೆಂಗಸು, ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಗಾಗಿ ತಡಕಾಡುತ್ತ ಕೂತಿದ್ದೆ. ಅವಳು ಅವಸರ ಮಾಡದೆ ಕಾಲಬೆರಳ ಬಳಿ ಹರಿಯುತ್ತಿದ್ದ ಇರುವೆಸಾಲು ನೋಡುತ್ತಿದ್ದಳು. ಒಳಗೆ ಲೇಯಾ ನೆಮ್ಮದಿಯಾಗಿ ನಿದ್ದೆ ಹೋಗಿದ್ದಳು. ಅವಳ ಉಸಿರು ಕೇಳುತ್ತಿತ್ತು. ಮಗಳು ಉಳಿದಳೆಂದು ಆ ವಾರವೆಲ್ಲ ನಾವು ಎಷ್ಟು ಸಂಭ್ರಮಪಟ್ಟಿದ್ದೆವು. ಅಜ್ಜಿ ನಿರ್ಧರಿಸಿದ್ದರು, ಲೇಯಾ ಅತ್ತಿದ್ದಳು, ನಾನು ತಪ್ಪೊಪ್ಪಿಕೊಂಡಿದ್ದೆ, ಊರಿನ ಹೆಂಗಸರೆಲ್ಲ ಮೆಚ್ಚಿಕೊಂಡಿದ್ದರು. ಆಗ ನನಗೆ ಹೊಳೆಯಿತು, ನಮ್ಮಲ್ಲಿ ಒಬ್ಬರೂ ಕೇಳದೇ ಉಳಿದದ್ದು.

"ಮಿರಿಯಂ," ಎಂದೆ, ದನಿ ತಗ್ಗಿಸಿ. "ನಿನಗೆ ಬೊಂಬಾಯಿಗೆ ಹೋಗಬೇಕು ಅಂತ ಆಸೆ ಇತ್ತಾ?"

ಅವಳು ಒಳಗೆ ಅಮ್ಮ ಮಲಗಿದ್ದ ಕಡೆ ಒಂದು ಸಲ ನೋಡಿ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಒಸಿ ಇತ್ತು ಮಿಸ್. ಅಲ್ಲಿ ಸಮುದ್ರ ಐತಂತಲ್ಲ."